ಅಕ್ಕನಿಗೆ ಸಿನೆಮಾ ಬಿಡಿಸಿ ಹೇಳಿದ್ದು

ನಗೆಯ ಬಗ್ಗೆ ಭಾಷಣ ಮಾಡಿಸಬೇಕಾದಾಗ ಜನ ಹುಡುಕಿ ಹುಡುಕಿ ಅಳುಮೋರೆಯವರನ್ನೇ ಕರೆಯುತ್ತಾರೆ ಎಂಬುದು ನನ್ನ ಬಹಳ ದಿನದ ಅನುಮಾನ. ನಿಜವಾಗಿ ನಗಿಸಬಲ್ಲವನು ವೇದಿಕೆ ಹತ್ತಿದರೆ ಸಭೆ ಕೈತಪ್ಪಿ ಹೋದೀತೆಂಬ ಹೆದರಿಕೆ ಇರಬೇಕು. ನಾನು ಹತ್ತಿದರೆ ಆ ಹೆದರಿಕೆ ಇಲ್ಲ. ನನ್ನ ಮುಖ ಹುಟ್ಟಿದಂದಿನಿಂದ ಮಣ್ಣಿಗೆ ಹೊರಟವನ ಮುಖದ ಹಾಗಿದೆ. ಮದುವೆ ಮನೆಯಲ್ಲಿ ನನ್ನನ್ನು ಕಂಡವರು ಮೊದಲು "ಯಾಕ್ರಿ ಸರ, ಏನಾತು?" ಎಂದು ಕೇಳಿ ಆಮೇಲೆ ಕೈ ಮುಗಿಯುತ್ತಾರೆ. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ಹಾಸ್ಯ ನಾಟಕದ ಪಾಠ ನಡೆದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಈಗ ನಿವೃತ್ತನಾಗಿ ಹಾನಗಲ್ಲಿನ ಮನೆಯಲ್ಲಿ ಕೂತು, ಬೆಳಿಗ್ಗೆ ಪೇಪರಿನಲ್ಲಿ ಯಾರು ಯಾರು ತೀರಿಕೊಂಡರು ಎಂದು ಓದಿ, ಉಳಿದವರು ಯಾವಾಗ ಎಂದು ಯೋಚಿಸುತ್ತಾ ಕಾಲ ಕಳೆಯುತ್ತೇನೆ.

ಹೀಗಿರುವಾಗ ಹೋದ ತಿಂಗಳು ಶಿಗ್ಗಾಂವದಿಂದ ಮಂಜುನಾಥ ಬಂದ. ನನ್ನ ಹಳೆಯ ವಿದ್ಯಾರ್ಥಿ. ಈಗ ಅಲ್ಲಿನ ಕಾಲೇಜಿನಲ್ಲಿ ನಾನು ಬಿಟ್ಟ ಕುರ್ಚಿಯಲ್ಲೇ ಕೂತಿದ್ದಾನೆ. ಹತ್ತು ಹನ್ನೆರಡು ಜನರನ್ನು ಸೇರಿಸಿ ಅವನೊಂದು ಸಿನೆಮಾ ಬಳಗ ಕಟ್ಟಿದ್ದಾನೆ. ತಿಂಗಳಿಗೊಂದು ಶನಿವಾರ ಸಂಜೆ ಕಾಳು ತೂಗಿ ದಲಾಲಿ ಮಾಡುವ ಅಡತಿ ಅಂಗಡಿಯೊಂದರ ಮಾಳಿಗೆಯ ಮೇಲೆ ಇವರ ಸಭೆ. ಸಿನೆಮಾವನ್ನು ಎಲ್ಲರೂ ಅವರವರ ಮನೆಯಲ್ಲಿ ಮೊದಲೇ ನೋಡಿಕೊಂಡು ಬರಬೇಕು. ಅಲ್ಲಿ ಒಬ್ಬರು ಅದರ ರಸಗ್ರಹಣ ಮಾಡುವುದು, ಉಳಿದವರು ಸವಣೂರಿನ ಖಾರಾ ತಿನ್ನುವುದು.

"ಸರ, ಈ ಸಲ ನೀವ ಬರಬೇಕ್ರಿ," ಎಂದ ಮಂಜುನಾಥ. "ಹಾಲಿವುಡ್ಡಿನ ಹಳೇ ಪ್ರೇಮದ ಹಾಸ್ಯಚಿತ್ರ. ಅಲ್ಲೆ ಸೆನ್ಸಾರು ಬಿಗಿ ಆಗೂ ಮುಂಚಿಂದು. ಭಾಳ ಧೈರ್ಯದ ಸಿನೆಮಾ ಐತ್ರಿ."

"ಧೈರ್ಯದ ಸಿನೆಮಾಕ್ಕ ನಾನ ಯಾಕೋ?"

"ಅದರಾಗಿನ ಹೀರೋಯಿನ್ನು ವಿಧವೆ ಅದಾಳ್ರಿ. ನೀವು ಕಾಲೇಜಿನಾಗಿದ್ದಾಗ ವಿಧವಾ ವಿವಾಹದ ಮ್ಯಾಲ ಮಾತಾಡಿ ಕಪ್ಪು ಗೆದ್ದಾವ್ರು. ನಮಗ ಕ್ಲಾಸಿನಾಗ ಎಷ್ಟು ಸಲ ಹೇಳೀರಿ!"

ಹೌದು, ಹೇಳಿದ್ದೆ. ಆ ಕಪ್ಪಿನ ಕಥೆಯನ್ನು ಮೂವತ್ತಮೂರು ವರ್ಷ ಪ್ರತಿಯೊಂದು ತಂಡಕ್ಕೂ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದೊಂದಿದೆ, ಅದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ನನ್ನ ಅಕ್ಕ ಗಂಗಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳನ್ನು ಹಿರೇಕೆರೂರಿನ ಕಡೆ ಕೊಟ್ಟಿತ್ತು. ಮದುವೆಯಾದ ಮೂರನೆಯ ವರ್ಷ ಭಾವ ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿರಲಿಲ್ಲ. ಇಪ್ಪತ್ತಮೂರು ವರ್ಷದ ಅಕ್ಕ ಒಂದು ಟ್ರಂಕು, ಒಂದು ಹೊಲಿಗೆ ಮಷೀನಿನ ಜೊತೆ ಹಾನಗಲ್ಲಿಗೆ ತಿರುಗಿ ಬಂದಳು. ನಮ್ಮಂಥ ಒಕ್ಕಲುತನದ ಮನೆಗಳಲ್ಲಿ ಉಡಿಕೆ ಎಂಬ ಪದ್ಧತಿ ಆಗಿನ್ನೂ ಪೂರ್ತಿ ಸತ್ತಿರಲಿಲ್ಲ. ಗಂಡ ಸತ್ತ ಹೆಣ್ಣಿಗೆ ನಾಲ್ಕು ಜನ ಹಿರಿಯರ ಎದುರು ಹೊಸ ಸೀರೆ ಉಡಿಸಿ, ಬಳೆ ಇಡಿಸಿ, ತಾಳಿ ಕಟ್ಟಿಸಿ ಇನ್ನೊಬ್ಬನ ಮನೆಗೆ ಕಳಿಸುವುದು. ಹಂದರವಿಲ್ಲ, ವಾಲಗವಿಲ್ಲ, ಕಾರ್ಡು ಹಂಚುವುದಿಲ್ಲ. ಹಾಗೆಂದು ಕದ್ದುಮುಚ್ಚಿ ಮಾಡುವುದೂ ಅಲ್ಲ, ಊರಿಗೆಲ್ಲ ಗೊತ್ತಿರುತ್ತಿತ್ತು. ನಮ್ಮ ಅಪ್ಪನ ತಾಯಿಯೇ ಉಡಿಕೆಯಾಗಿ ಈ ಮನೆಗೆ ಬಂದವಳು. ಅಂದರೆ ಅಂದು ಆ ಸೀರೆ ಉಡಿಸದಿದ್ದರೆ ಅಪ್ಪನೂ ಇಲ್ಲ, ನಾನೂ ಇಲ್ಲ, ನೀವು ಇದನ್ನು ಓದುವ ಕಷ್ಟವೂ ಇಲ್ಲ.

ಅಕ್ಕ ತಿರುಗಿ ಬಂದು ವರ್ಷದ ಮೇಲೆ ತಿಳವಳ್ಳಿಯವರೊಬ್ಬರು ಉಡಿಕೆಗೆ ಕೇಳಿಸಿದರು. ಹೆಂಡತಿ ಸತ್ತವರು, ಎರಡೆಕರೆ ಗದ್ದೆ ಇದ್ದವರು, ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಊರೂರು ತಿರುಗಿ ಹೊಲಿಗೆ ಮಷೀನು ರಿಪೇರಿ ಮಾಡುವವರು. ಅಕ್ಕನ ಮಷೀನಿಗೂ ಅವರೇ ಬರುತ್ತಿದ್ದರು. ಅವ್ವ ಅಕ್ಕನನ್ನು ಕೇಳಿದಳು. ಅಕ್ಕ "ನಿಮ್ಮ ಮರ್ಜಿ" ಎಂದು ಹೇಳಿ ಒಳಗೆ ಹೋದವಳು ಅಂದು ಎರಡು ಸಲ ಹಣೆ ತೊಳೆದು ವಿಭೂತಿ ಹಚ್ಚಿಕೊಂಡಳಂತೆ. ಅಪ್ಪನೂ ಒಪ್ಪಿದ್ದ. ಅಷ್ಟರಲ್ಲಿ ಧಾರವಾಡದಿಂದ ರಜೆಗೆ ನಾನು ಬಂದೆ. ಆಗ ಬಿ.ಎ. ಓದುತ್ತಿದ್ದೆ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯ ಪ್ರಾಣಿ. ಅಪ್ಪ ಎತ್ತು ಕೊಳ್ಳುವಾಗಲೂ ನನ್ನ ಅಭಿಪ್ರಾಯ ಕೇಳುತ್ತಿದ್ದ. ಎತ್ತಿನ ಬಾಲ ಯಾವ ಕಡೆ ಇರುತ್ತದೆ ಎಂಬುದಷ್ಟೇ ನನಗೆ ಖಾತ್ರಿಯಿದ್ದದ್ದು.

ನಾನು ಪಡಸಾಲೆಯಲ್ಲಿ ನಿಂತು ಒಂದು ತಾಸು ಭಾಷಣ ಬಿಗಿದೆ. ಉಡಿಕೆಯೆಂದರೆ ಹೆಣ್ಣಿಗೆ ಮಾಡುವ ಅವಮಾನ, ಅದು ಅರ್ಧ ಮದುವೆ, ನಮ್ಮಕ್ಕನಿಗೆ ಆದರೆ ಹಂದರ ಹಾಕಿ ವಾಲಗ ಊದಿಸಿ ಪೂರ್ತಿ ಮದುವೆಯೇ ಆಗಲಿ, ಇಲ್ಲವಾದರೆ ಬೇಡವೇ ಬೇಡ ಎಂದೆ. ಅಪ್ಪ "ಓದಿದಾಂವ ಹೇಳ್ತಾನ" ಎಂದು ಸುಮ್ಮನಾದ. ಪೂರ್ತಿ ಮದುವೆಗೆ ಮುಂದೆ ಯಾರೂ ಬರಲಿಲ್ಲ, ಹಾಗಾಗಿ ಬೇಡವೇ ಬೇಡ ಎಂಬುದೊಂದೇ ನಡೆಯಿತು. ಸ್ಕ್ರೂಡ್ರೈವರ್ ಹಿಡಿದು ತಿರುಗುವವನು ಭಾವನಾದರೆ ಹಾಸ್ಟೆಲಿನ ಗೆಳೆಯರು ಏನೆಂದಾರು ಎಂಬ ಚಿಂತೆಯೂ ನನಗಿತ್ತು. ಅದನ್ನು ಭಾಷಣದಲ್ಲಿ ಸೇರಿಸಿರಲಿಲ್ಲ. ತಿಳವಳ್ಳಿಗೆ ಒಲ್ಲೆವೆಂದು ಪತ್ರ ಬರೆದವನೂ ನಾನೇ. ಮನೆಯಲ್ಲಿ ಅಕ್ಷರ ಚೆಂದ ಇದ್ದದ್ದು ನನ್ನದೊಂದೇ. ಅಕ್ಕನ ಮುಂದೆ ಮಾತ್ರ, "ಅವರ ಒಲ್ಲೆ ಅಂದ್ರಂತ" ಎಂದು ಹೇಳಿದೆವು. ಹೇಳಿದೆವು ಎಂದರೆ, ಹೇಳಿದ್ದು ನಾನು. ಅದೇ ವರ್ಷ ಕಾಲೇಜಿನ ಚರ್ಚಾಕೂಟದಲ್ಲಿ ವಿಧವಾ ವಿವಾಹದ ಪರವಾಗಿ ಮಾತಾಡಿ ಕಪ್ಪು ಗೆದ್ದುಕೊಂಡು ಬಂದೆ. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಗೂಡಿನಲ್ಲಿ ಇಟ್ಟವಳು ಅಕ್ಕ. ತಿಳವಳ್ಳಿಯವರು ಮರುವರ್ಷ ರಟ್ಟೀಹಳ್ಳಿಯ ಕಡೆ ಲಗ್ನವಾದರು. ಅಕ್ಕನಿಗೆ ಈಗ ಎಪ್ಪತ್ತೈದು. ಐವತ್ತೊಂದು ವರ್ಷದಿಂದ ಅವಳು ತನ್ನನ್ನು ಯಾರೋ ನೋಡಿ ಬೇಡವೆಂದರು ಎಂದು ತಿಳಿದುಕೊಂಡೇ ನಮ್ಮ ಮನೆಯಲ್ಲಿ ರೊಟ್ಟಿ ಬಡಿದಿದ್ದಾಳೆ, ನನ್ನ ಮಕ್ಕಳನ್ನು ಎತ್ತಿ ಆಡಿಸಿದ್ದಾಳೆ. ಇಂಥ ಮನೆಯೊಳಗೆ ವಿಧವೆಯ ಪ್ರೇಮದ ಸಿನೆಮಾ ತರುವುದೆಂದರೆ ಹುಲ್ಲಿನ ಬಣವಿಯ ಪಕ್ಕ ಕೂತು ಬೀಡಿ ಹಚ್ಚಿದ ಹಾಗೆ. ಆದರೂ ಮಂಜುನಾಥ ಕೊಟ್ಟ ಪೆನ್ ಡ್ರೈವನ್ನು ಇಸಿದುಕೊಂಡೆ. ಭಾಷಣಕ್ಕೆ ಕರೆದರೆ ಒಲ್ಲೆನೆನ್ನುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ.

ಆ ಕಾಲದ ಸಿನೆಮಾಗಳ ಬಗ್ಗೆ ಎರಡು ಮಾತು ಹೇಳಬೇಕು. ಸಿನೆಮಾಕ್ಕೆ ಮಾತು ಬಂದ ಹೊಸದರಲ್ಲಿ ಮೂರು ನಾಲ್ಕು ವರ್ಷ ಹಾಲಿವುಡ್ಡಿನಲ್ಲಿ ನಿಯಮಗಳು ಕಾಗದದ ಮೇಲೆ ಇದ್ದವು, ಕೇಳುವವರು ಯಾರೂ ಇರಲಿಲ್ಲ. ಹೆಂಗಸರು ತಮಗೆ ಬೇಕಾದದ್ದನ್ನು ಬೇಕು ಎನ್ನುತ್ತಿದ್ದರು, ಬೇಡವಾದ ಗಂಡನನ್ನು ಬೇಡ ಎನ್ನುತ್ತಿದ್ದರು, ಅದಕ್ಕಾಗಿ ಕೊನೆಯ ರೀಲಿನಲ್ಲಿ ಕ್ಷಯರೋಗ ಬಂದು ಸಾಯಬೇಕಾಗಿರಲಿಲ್ಲ. ಆಮೇಲೆ ಸಭ್ಯರು ಬಂದರು. ಯಾರೂ ಸಭ್ಯರನ್ನು ಕರೆದಿರಲಿಲ್ಲ, ಆದರೂ ಬಂದರು. ಗಂಡಹೆಂಡತಿಯ ಮಂಚವನ್ನು ಎರಡಾಗಿ ಕಡಿದು ನಡುವೆ ಮೇಜು ಇಟ್ಟರು, ಮುದ್ದಿನ ಉದ್ದ ಅಳೆದರು. ಹೆಣ್ಣಿನ ಮಾನ ಕಾಯಲಿಕ್ಕೆಂದೇ ಇದನ್ನೆಲ್ಲ ಮಾಡಿದ್ದೇವೆ ಎಂದರು. ಇದನ್ನು ಟಿಪ್ಪಣಿ ಮಾಡಿಕೊಳ್ಳುವಾಗ ನನ್ನ ಪೆನ್ನು ಯಾಕೋ ಸ್ವಲ್ಪ ತಡೆಯಿತು. ಇಂಕು ಮುಗಿದಿರಬೇಕೆಂದು ಬೇರೆ ಪೆನ್ನು ತೆಗೆದುಕೊಂಡೆ.

ನಮ್ಮ ಮನೆಯ ಟೀವಿ ಸಂಜೆ ಆರರಿಂದ ಅಕ್ಕನದು. ಧಾರಾವಾಹಿಗಳಲ್ಲಿ ಸೊಸೆಯಂದಿರು ಅಳುವುದನ್ನು ಅವಳು ಒಂದು ಹನಿಯೂ ಬಿಡದೆ ನೋಡುತ್ತಾಳೆ. ಆದ್ದರಿಂದ ನಾನು ಮಧ್ಯಾಹ್ನ, ಊಟವಾಗಿ ಹೆಂಡತಿಯೂ ಅಕ್ಕನೂ ಅಡ್ಡಾದ ಹೊತ್ತು ನೋಡಿ, ಧ್ವನಿ ಕಡಿಮೆ ಮಾಡಿ ಸಿನೆಮಾ ಹಚ್ಚಿದೆ. ಐದು ನಿಮಿಷವಾಗಿರಲಿಲ್ಲ, ಅಕ್ಕ ಮೊರದ ತುಂಬ ಶೇಂಗಾ ಹಿಡಿದುಕೊಂಡು ಬಂದು ಗೋಡೆಗೆ ಆತು ಕೂತು ಸುಲಿಯಲು ಶುರು ಮಾಡಿದಳು.

"ಏನದು?"

"ಇಂಗ್ಲಿಷ್ ಸಿನೆಮಾ ಅಕ್ಕಾ. ನಿನಗ ತಿಳಿಯಂಗಿಲ್ಲ."

"ನೀ ಅದಿಯಲ್ಲ, ಬಿಡಿಸಿ ಹೇಳು."

ಮೂವತ್ತಮೂರು ವರ್ಷ ನಾನು ಮಾಡಿದ ಕೆಲಸವೇ ಅದು, ಒಲ್ಲೆ ಎನ್ನುವಂತಿಲ್ಲ. ಪರದೆಯ ಮೇಲೆ ನಾಯಕಿ ಕಪ್ಪು ಉಡುಪಿನಲ್ಲಿ ತನ್ನ ಕೈಗವಸಿನ ಅಂಗಡಿಯ ಬಾಗಿಲು ತೆರೆಯುತ್ತಿದ್ದಳು. ಸ್ಟುಡಿಯೊದೊಳಗೇ ಕಟ್ಟಿದ ಪ್ಯಾರಿಸ್ಸು, ಹೊರಗೆ ಹತ್ತಿಯ ಹಿಮ.

"ಗಂಡ ಸತ್ತಾನೇನು?" ಎಂದಳು ಅಕ್ಕ.

"ಛೇ ಛೇ. ಅಲ್ಲೆ ಅಂಗಡ್ಯಾವ್ರು ಕರೇ ಅರಬಿ ಹಾಕ್ಕೋತಾರ."

"ಮತ್ತ ಆ ಫೋಟೋದಾಗ ಇರಾಂವ?"

"ಅಂಗಡಿ ಮಾಲಕ."

ಅಷ್ಟರಲ್ಲಿ ನಾಯಕಿ ಫೋಟೋದ ಧೂಳು ಒರೆಸಿ ಗಾಜಿಗೆ ಮುದ್ದು ಕೊಟ್ಟಳು. ಅಕ್ಕ ಒಂದು ಶೇಂಗಾ ಒಡೆದಳು. "ಮಾಲಕನ ಫೋಟೋಕ್ಕ ಯಾರರ ಮುದ್ದು ಕೊಡ್ತಾರೇನೋ ತಮ್ಮಾ?"

ಕಥೆ ದೊಡ್ಡದೇನಲ್ಲ. ಸತ್ತ ಗಂಡನದೊಂದು ಪಿಯಾನೋ ಮನೆಯಲ್ಲಿದೆ. ಅದರ ಶ್ರುತಿ ಸರಿ ಮಾಡಲು ಸವೆದ ಕೋಟಿನ ನಾಚಿಕೆಯ ಮನುಷ್ಯನೊಬ್ಬ ಬರುತ್ತಾನೆ. ಪಿಯಾನೋ ಎಂದರೆ ಅಕ್ಕನಿಗೆ ತಿಳಿಯಲಿಲ್ಲ. ನಮ್ಮ ಭಜನೆಯ ಪೇಟಿಯ ದೊಡ್ಡಪ್ಪ ಅಂದುಕೋ ಎಂದೆ. ಅವನು ಪಿಯಾನೋ ಸರಿ ಮಾಡಿ ಹೋದ. ಮುಂದಿನ ವಾರ ಪಿಯಾನೋ ಮತ್ತೆ ಅಪಸ್ವರ ಹಾಡಿತು, ಮತ್ತೆ ಅವನಿಗೆ ಕರೆ ಹೋಯಿತು.

"ಆಕಿನ ಕೆಡಿಸ್ಯಾಳ," ಎಂದಳು ಅಕ್ಕ, ಮೊರದಿಂದ ಕಣ್ಣೆತ್ತದೆ.

"ಹಂಗೇನಿಲ್ಲ ಅಕ್ಕಾ, ಅಲ್ಲಿ ಥಂಡಿಗೆ ತಂತಿ ಸಡಲ ಆಗ್ತಾವ," ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ನಾಯಕಿ ತಲೆಯಿಂದ ಒಂದು ಪಿನ್ನು ತೆಗೆದು ಪಿಯಾನೋದ ಹೊಟ್ಟೆಯೊಳಗೆ ಸಿಕ್ಕಿಸಿ, ಏನೂ ಅರಿಯದವಳ ಹಾಗೆ ಕಿಟಕಿಯ ಬಳಿ ಹೋಗಿ ನಿಂತಳು. ಇದು ಅಕ್ಕನಿಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಬೆರಗಾದೆ.

ಮೂರನೆಯ ಸಲ ಅವನು ಬಂದಾಗ ಹೊರಗೆ ಮುಸ್ಸಂಜೆ. ಇಲ್ಲಿಯ ಮಾತೇ ನನ್ನ ರಸಗ್ರಹಣದ ಮುಖ್ಯ ಭಾಗವಾಗಬೇಕಿತ್ತು. ನಾಯಕಿ ಅವನ ಹ್ಯಾಟು ಇಸಿದುಕೊಂಡು ಅನ್ನುತ್ತಾಳೆ: "ಈ ಪಿಯಾನೋ ಒಂದು ಸಂಜೆಗೆ ಸರಿಯಾಗುವಂಥದ್ದಲ್ಲ. ಬೆಳಗಿನ ತಿಂಡಿಗೆ ನಿಮಗೆ ಏನು ಇಷ್ಟ?" ಅಷ್ಟೇ. ಮಾತಿನಲ್ಲಿ ಕೆಟ್ಟದ್ದೊಂದಿಲ್ಲ, ಯಾವ ಕತ್ತರಿಯವನೂ ಬೆರಳಿಟ್ಟು ಇಂಥಲ್ಲಿ ಎಂದು ತೋರಿಸಲಾರ. ಬಾಗಿಲು ಮುಚ್ಚುತ್ತದೆ, ಕ್ಯಾಮೆರಾ ಹೊರಗೇ ನಿಲ್ಲುತ್ತದೆ, ಬಾಗಿಲ ಕೆಳಗಿನ ಸಂದಿಯ ಬೆಳಕು ಆರುತ್ತದೆ, ಒಳಗಿನಿಂದ ಪಿಯಾನೋದ ಒಂದೇ ಒಂದು ಸ್ವರ ಕೇಳುತ್ತದೆ, ಅದೂ ಶುದ್ಧ ಶ್ರುತಿಯಲ್ಲಿ. ನಾನು ರಸಾನುಭವದಲ್ಲಿ ತಲೆದೂಗುತ್ತಿದ್ದೆ.

"ಏನಂದ್ಲು?"

"ಪಿಯಾನೋ ಭಾಳ ಕೆಟ್ಟೈತಿ, ಚಾ ಕುಡೀತೀರೇನು ಅಂದ್ಲು."

"ಚಾಕ್ಕ ದೀಪ ಯಾಕ ಆರಿಸಿದ್ಲು?"

"ಕರೆಂಟು ಹೋತು."

"ಅಲ್ಲಿನೂ ಹೋಗ್ತೈತೇನು?"

"ಹೋಗ್ತೈತಿ."

ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದಳು. ನಾನು ಸಿಪ್ಪೆಯ ರಾಶಿ ನೋಡಿದೆ. ಸೆನ್ಸಾರಿಲ್ಲದ ಸಿನೆಮಾ ಸಪ್ತಸಾಗರ ದಾಟಿ ಹಾನಗಲ್ಲಿಗೆ ಬಂದು ಕೊನೆಗೆ ನನ್ನ ಬಾಯಿಗೆ ಸಿಕ್ಕಿತ್ತು. ಆಮೇಲೆ ಅಕ್ಕ ನನ್ನನ್ನು ಕೇಳುವುದನ್ನು ಬಿಟ್ಟು ತಾನೇ ನನಗೆ ಹೇಳಲು ಶುರು ಮಾಡಿದಳು: "ಈಗ ನೋಡು, ಮೈದುನ ಬಂದ. ಇಂವ ಬಂದ ಮ್ಯಾಲ ಕೆಟ್ಟತು." ನಿಜವಾಗಿಯೂ ಅವನು ಮೈದುನನೇ, ಉದ್ದ ಟೋಪಿ ಹಾಕಿ ಅಂಗಡಿಗೆ ಬಂದು, ಅಣ್ಣ ಸತ್ತು ಎರಡು ವರ್ಷವೂ ಆಗಿಲ್ಲ, ಇಷ್ಟಕ್ಕೇ ದುಃಖ ಮುಗಿಯಿತೇ, ಮನೆತನದ ಹೆಸರೇನಾಗಬೇಕು ಎಂದು ಉಪದೇಶ ಮಾಡಿದ. ನಾಯಕಿ ಅಳತೆಯ ಪಟ್ಟಿ ಕೈಯಲ್ಲಿ ಹಿಡಿದು, "ನನ್ನ ದುಃಖದ ಅಳತೆ ನಿಮಗೆ ಗೊತ್ತಿದ್ದರೆ ಹೇಳಿ, ಅದೇ ಅಳತೆಯ ಜೋಡಿ ಕಟ್ಟಿಕೊಡುತ್ತೇನೆ" ಎಂದಳು. ನಾನು ಇದನ್ನೂ ಬಿಡಿಸಿ ಹೇಳಲಿಲ್ಲ. ಮೈದುನ ಒಳ್ಳೆಯ ಭಾಷಣಕಾರನಾಗಿದ್ದ, ನನಗೆ ಸ್ವಲ್ಪ ಸಂಕಟವಾಗುತ್ತಿತ್ತು.

ಕೊನೆಯ ದೃಶ್ಯದಲ್ಲಿ ಅಂಗಡಿಯ ತುಂಬ ಗಿರಾಕಿಗಳು. ಶ್ರುತಿ ಮಾಡುವವನು ಪರವೂರಿಗೆ ಹೊರಟಿದ್ದೇನೆ ಎಂದು ಹೇಳಲು ಬಂದಿದ್ದಾನೆ, ಮಾತು ಹೊರಡದೆ ಹ್ಯಾಟು ತಿರುಗಿಸುತ್ತಾ ನಿಂತಿದ್ದಾನೆ. ನಾಯಕಿ ಒಬ್ಬ ಮುದುಕಿಯ ಕೈಗೆ ಕೈಗವಸು ತೊಡಿಸುತ್ತಲೇ ಅವನಿಗೆ ಅನ್ನುತ್ತಾಳೆ: "ನಾನು ವಿಧವೆ. ನನಗೊಂದು ಅಂಗಡಿಯಿದೆ. ನೀನು ನನಗೆ ಬೇಕು. ಬೇಗ ಉತ್ತರ ಹೇಳು, ಗಿರಾಕಿಗಳು ಕಾಯುತ್ತಿದ್ದಾರೆ."

ಅಕ್ಕನ ಕೈ ನಿಂತಿತ್ತು. "ಏನಂದ್ಲು?"

ಇದನ್ನು ಮಾತ್ರ ತಿರುಚಲು ನನ್ನಿಂದ ಆಗಲಿಲ್ಲ. "ನನ್ನ ಮಾಡ್ಕೋತೀ ಏನು ಅಂತ ಕೇಳಿದ್ಲು."

"ಆಕಿನ ಕೇಳಿದ್ಲಾ?"

"ಹೂಂ."

"ಎಲ್ಲಾರ ಮುಂದ?"

"ಹೂಂ."

ಅಕ್ಕ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಧಾರಾವಾಹಿಗಳ ಮುಂದೆ ಅವಳು ಹೀಗೆ ನಕ್ಕದ್ದನ್ನು ನಾನು ಕಂಡಿಲ್ಲ. ಸಿನೆಮಾ ಮುಗಿದು ಪರದೆ ಕಪ್ಪಾದ ಮೇಲೂ ನಗುತ್ತಲೇ ಇದ್ದಳು. ಅವಳ ನಗು ತುಸು ಇಳಿದಾಗ, "ಆಕಿನ ಕೆಡಿಸ್ಯಾಳ ಅಂತ ನಿನಗ ಹೆಂಗ ಗೊತ್ತಾತು?" ಎಂದು ಕೇಳಿದೆ. ಕೇಳಬಾರದಿತ್ತು.

"ನನ್ನ ಮಷೀನು ಒಂದ ತಿಂಗಳದಾಗ ಮೂರು ಸಲ ಕೆಟ್ಟಿತ್ತಲ್ಲ, ಅದೇನು ತಾನ ಕೆಟ್ಟಿತ್ತೇನು?" ಎಂದಳು ಅಕ್ಕ. "ಬಾಬಿನ್ನಿನ ಸ್ಕ್ರೂ ಸಡಲ ಮಾಡತಿದ್ನಿ. ಅವರಿಗೂ ತಿಳಿದಿತ್ತು. ಮೂರನೇ ಸಲ ಬಂದಾಗ ಡಬ್ಬಿ ತಗೀಲೇ ಇಲ್ಲ, ನೀರು ಕುಡಿದು ನಕ್ಕು ಹೋದ್ರು." ಮೊರದೊಳಗಿನ ಕಾಳನ್ನು ಕೈಯಿಂದ ಹರವಿದಳು. "ಚಲೋ ಮನಷ್ಯಾ. ಒಲ್ಲೆ ಅಂದದ್ದಕ್ಕ ನನಗ ಸಿಟ್ಟಿಲ್ಲೋ ತಮ್ಮಾ. ಮುಂದಿನ ಹಲ್ಲು ಉಬ್ಬ್ಯಾವಲ್ಲ ನನಗ. ಅಂದು ನಕ್ಕಾಗ ನೋಡಿರಬೇಕು, ಮನಸ್ಸಿಗೆ ಬರಲಿಲ್ಲ."

ಅಕ್ಕ ನಗುವಾಗಲೆಲ್ಲ ಬಾಯಿಗೆ ಸೆರಗು ಯಾಕೆ ತರುತ್ತಾಳೆ ಎಂದು ನಾನು ಎಂದೂ ಕೇಳಿರಲಿಲ್ಲ. ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ. ಕ್ಲಾಸಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಸಂಕೋಚದ ಬಗ್ಗೆ ಮಾತಾಡುವಾಗ ಉದಾಹರಣೆಗೂ ಕೊಟ್ಟಿದ್ದೆ. ಆ ಹೊತ್ತು ನನಗಾದ ನಾಚಿಕೆಯನ್ನು ಹೇಗೆ ಬರೆಯಲಿ? ಐವತ್ತೊಂದು ವರ್ಷ ತಡೆದಿಟ್ಟದ್ದನ್ನು, ಆ 'ಒಲ್ಲೆ' ಎಂಬ ಮಾತು ಯಾರದೆಂಬುದನ್ನು, ಬಾಯಿ ತೆರೆದು ಹೇಳಿಬಿಟ್ಟೆ.

"ಅಕ್ಕಾ, ಅವರು ಒಲ್ಲೆ ಅಂದಿರಲಿಲ್ಲ. ಒಲ್ಲೆ ಅಂದಾಂವ ನಾನು. ಪತ್ರ ಬರದಾಂವನೂ ನಾನ."

ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಒಳಗೆ ನನ್ನ ಹೆಂಡತಿ ಮಗ್ಗಲು ಬದಲಿಸಿದ ಸದ್ದು ಕೇಳಿತು. ಅಕ್ಕ ಕೇಳಿದಳು: "ಏನಂತ ಬರದಿದ್ದಿ?"

ದುರ್ದೈವಕ್ಕೆ ನನಗೆ ಅದು ಅಕ್ಷರ ಬಿಡದೆ ನೆನಪಿತ್ತು; ಹೊಸದಾಗಿ ಕಲಿತ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಅದರಲ್ಲಿ ಹಾಕಿದ್ದೆ. "ತಮ್ಮ ಪ್ರಸ್ತಾಪವನ್ನು ವಿಷಾದಪೂರ್ವಕವಾಗಿ ನಿರಾಕರಿಸುತ್ತೇವೆ ಅಂತ."

"ವಿಷಾದಪೂರ್ವಕ ಅಂದ್ರ?"

"ಅಂದ್ರ... ಕೆಟ್ಟ ಅನಿಸಿ."

"ಯಾರಿಗೆ ಕೆಟ್ಟ ಅನಿಸಿತ್ತು?"

ನನ್ನ ಅಧ್ಯಾಪಕ ವೃತ್ತಿಯಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಅಕ್ಕ ಮೊರ ಎತ್ತಿಕೊಂಡು ಅಡಿಗೆ ಮನೆಗೆ ಹೋದಳು.

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಜಗಳವಿಲ್ಲ, ಅಳುವಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು, ಅಷ್ಟೇ. ನಾನು ಎದುರಿಗೆ ಕೂತಿದ್ದರೂ ನನ್ನ ಹೆಂಡತಿಗೆ "ಅವಗ ರೊಟ್ಟಿ ಬೇಕೇನು ಕೇಳು" ಎನ್ನುತ್ತಿದ್ದಳು. ರೊಟ್ಟಿ ಮಾತ್ರ ಎಂದಿನ ಹಾಗೆ ಬಿಸಿಯಾಗಿಯೇ ಬರುತ್ತಿತ್ತು, ಅದು ಇನ್ನೂ ಕಷ್ಟ. ತಣ್ಣಗಿನ ರೊಟ್ಟಿ ಹಾಕಿದ್ದರೆ ನನಗೂ ಸ್ವಲ್ಪ ಸಿಟ್ಟು ಮಾಡಿಕೊಳ್ಳಲು ದಾರಿಯಾಗುತ್ತಿತ್ತು.

"ಏನ ಮಾಡೀರಿ ಅಕ್ಕಾರಿಗೆ?" ಎಂದು ಹೆಂಡತಿ ಕೇಳಿದಳು.

"ಏನಿಲ್ಲ. ಕೂಡಿ ಸಿನೆಮಾ ನೋಡಿದ್ವಿ."

"ಹಾಸ್ಯದ ಸಿನೆಮಾ ನೋಡಿ ಮಾತು ಬಿಟ್ಟಾವ್ರನ್ನ ಇದ ಮೊದಲ ನೋಡಾಕತ್ತೇನಿ," ಎಂದು ಅವಳು ಒಳಗೆ ಹೋದಳು.

ಈ ನಾಲ್ಕು ದಿನ ನಾನು ಭಾಷಣ ಬರೆದೆ. ನಾಲ್ಕು ಹಾಳೆ. ಅದರಲ್ಲಿ ಮೂರನೆಯದನ್ನು ಐದು ಸಲ ಹರಿದು ಬರೆದೆ. ಇಂಥ ಸಿನೆಮಾದ ಧೈರ್ಯವನ್ನು ಹೊಗಳುವ ಅಧಿಕಾರ ನನಗಿಲ್ಲ, ಯಾಕೆಂದರೆ ನನ್ನ ಮನೆಯಲ್ಲಿ ಒಬ್ಬಳಿದ್ದಳು ಎಂದು ಶುರುವಾಗಿ, ಪತ್ರದ ಮಾತು, ಕಪ್ಪಿನ ಮಾತು ಎಲ್ಲ ಅದರಲ್ಲಿತ್ತು. ಸಭೆಯ ಎದುರು ಅದನ್ನು ಓದಿಬಿಟ್ಟರೆ ಒಂದು ಭಾರ ಇಳಿಯುತ್ತದೆ ಎಂದುಕೊಂಡೆ. ಬರೆಯುವಾಗ ಕಣ್ಣು ತೇವವಾಯಿತು. ಬರಹ ಚೆನ್ನಾಗಿ ಬಂದಿದೆ ಎಂಬ ಸಂತೋಷವೂ ಅದರ ಹಿಂದೆಯೇ ಬಂತು. ಇದನ್ನು ಮುಚ್ಚಿಡುವುದಿಲ್ಲ, ನನ್ನ ಪಶ್ಚಾತ್ತಾಪದ ಯೋಗ್ಯತೆ ನಿಮಗೂ ತಿಳಿದಿರಲಿ.

ಶನಿವಾರ ಮಧ್ಯಾಹ್ನ ನಾನು ಚಪ್ಪಲಿ ಮೆಟ್ಟುವಾಗ ಅಕ್ಕ ಇಳಕಲ್ ಸೀರೆ ಉಟ್ಟು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಹೆಂಡತಿಗೆ ಹೇಳಿದಳು: "ನಾನೂ ಶಿಗ್ಗಾಂವಕ್ಕ ಹೊಂಟೇನಿ ಅಂತ ಅವಗ ಹೇಳು." ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಎರಡು ಸೀಟು ಮುಂದೆ ಹೋಗಿ ಯಾರೋ ಹೆಂಗಸಿನ ಜೊತೆ ಕೂತಳು. ದಾರಿಯುದ್ದಕ್ಕೂ ನನಗೆ ಅವಳ ಬಿಳಿಯ ತುರುಬು ಮಾತ್ರ ಕಾಣುತ್ತಿತ್ತು. ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳು ಕೊಯ್ಲಾಗಿ ಬೋಳಾಗಿದ್ದವು.

ಮಾಳಿಗೆಯ ಮೇಲೆ ಹನ್ನೊಂದು ಜನರಿದ್ದರು, ಅಕ್ಕ ಹನ್ನೆರಡನೆಯವಳು. ಮೂಲೆಯಲ್ಲಿ ಚೀಲಗಳ ಒಟ್ಟಿಲು, ಕೆಳಗಿನ ತೂಕದವರ ಕೂಗು, ಮೂಗಿಗೆ ಧೂಳು. ನಮ್ಮ ಕಡೆ ಮೂರು ಜನ ಸೇರಿದರೂ ಒಬ್ಬ ಅಧ್ಯಕ್ಷರು ಬೇಕೇ ಬೇಕು. ಆದ್ದರಿಂದ ಮಾಳಿಗೆ ಕೊಟ್ಟ ಅಡತಿ ಅಂಗಡಿಯ ಯಜಮಾನರೇ ಪ್ರತಿ ಸಲವೂ ಅಧ್ಯಕ್ಷರು. ಎಂಬತ್ತು ದಾಟಿದವರು, ಕಿವಿ ಪೂರ್ತಿ ಮಂದ, ಸಿನೆಮಾ ನೋಡುವ ಅಭ್ಯಾಸವಿಲ್ಲ. ನನ್ನನ್ನು ಅವರ ಪಕ್ಕದಲ್ಲೇ ಕೂರಿಸಿದ್ದರು. ಅಕ್ಕ ಮೊದಲನೆಯ ಸಾಲಿನಲ್ಲಿ, ನನ್ನ ಎದುರಿಗೇ ಕೂತಳು.

ನಾನು ಎದ್ದು ಮಾತಾಡಿದೆ. ಸಿನೆಮಾಕ್ಕೆ ಕತ್ತರಿ ಬಿದ್ದ ಇತಿಹಾಸ ಹೇಳಿದೆ, ಮುಚ್ಚಿದ ಬಾಗಿಲನ್ನು ತೋರಿಸುತ್ತಾ ಹೊರಗೇ ನಿಲ್ಲುವ ಕ್ಯಾಮೆರಾದ ಸೊಗಸು ಹೇಳಿದೆ. ಬೆಳಗಿನ ತಿಂಡಿಯ ಮಾತಿಗೆ ಜನ ನಕ್ಕರು. ನನ್ನ ಭಾಷಣಕ್ಕೆ ಜನ ನಕ್ಕದ್ದು ಅದೇ ಮೊದಲು. ಸಮಾಜದ ಎದುರು ಎದೆಯೊಡ್ಡಿ ನಿಂತ ಆ ಹೆಣ್ಣಿನ ಧೈರ್ಯವನ್ನು ಕೊಂಡಾಡುತ್ತಾ ಎರಡನೆಯ ಹಾಳೆ ಮುಗಿಸಿದೆ. ಮೂರನೆಯ ಹಾಳೆ ಕೈಗೆ ಬಂತು. ತಲೆಯೆತ್ತಿ ನೋಡಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಹನ್ನೆರಡು ಜನ ಕಾಯುತ್ತಿದ್ದರು. ಮಂಜುನಾಥನ ಮುಖದಲ್ಲಿ ಗುರುವಿನ ಮೇಲಿನ ಹೆಮ್ಮೆ ಎದ್ದು ಕಾಣುತ್ತಿತ್ತು. ನಾನು ಮೂರನೆಯ ಹಾಳೆಯನ್ನು ಹಿಂದಕ್ಕೆ ಹಾಕಿ ನಾಲ್ಕನೆಯದನ್ನು ಓದಿದೆ. ಯಾರಿಗೂ ತಿಳಿಯಲಿಲ್ಲ, ಮಾತು ಅಷ್ಟು ಚೆನ್ನಾಗಿ ಕೂಡಿಕೊಂಡಿತು. ಚಪ್ಪಾಳೆ ಬಿತ್ತು.

ಮಂಜುನಾಥ ಎದ್ದು ನಿಂತು, "ಇವತ್ತು ನಮ್ಮ ಸರ ಅವರ ಅಕ್ಕಾರೂ ಬಂದಾರ್ರಿ. ಅವರೂ ಸಿನೆಮಾ ನೋಡ್ಯಾರಂತ. ಅಮ್ಮಾರ, ನಿಮಗ ಹೆಂಗನಿಸಿತು, ಎರಡು ಮಾತು ಹೇಳ್ರಿ," ಎಂದ.

ಅಕ್ಕ ಒಲ್ಲೆ ಎನ್ನಲಿಲ್ಲ. ಎದ್ದು ನಿಂತಳು. ಸೆರಗು ಹೆಗಲ ಮೇಲೆಯೇ ಇತ್ತು.

"ಸಿನೆಮಾ ಚಲೋ ಐತ್ರಿ," ಎಂದಳು. "ಆ ಹೆಣಮಗಳು ಧೈರ್ಯದಾಕಿ ಅಂತ ನಮ್ಮ ತಮ್ಮ ಇಷ್ಟೊತ್ತನ ಹೇಳಿದ. ಧೈರ್ಯ ಎಲ್ಲಾರಿಗೂ ಇರ್ತೈತ್ರಿ. ಆಕಿಗೆ ಕಾಲೇಜು ಕಲಿತ ತಮ್ಮ ಒಬ್ಬ ಇರಲಿಲ್ಲ. ಅದಕ್ಕ ಆಕಿ ಕೆಲಸ ಆತು."

ಮಾಳಿಗೆ ಬಿರಿಯುವ ಹಾಗೆ ಎಲ್ಲರೂ ನಕ್ಕರು. ಮಂಜುನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ಸರ, ನಿಮಗಿಂತ ಅಮ್ಮಾರ ಚಲೋ ಮಾತಾಡ್ತಾರ ಎಂದ. ನಾನೂ ನಕ್ಕೆ, ನಗದೆ ಗತಿಯಿರಲಿಲ್ಲ. ಅಕ್ಕನೂ ಸೆರಗು ಮುಟ್ಟದೆ, ಆ ಹಲ್ಲುಗಳನ್ನು ಪೂರ್ತಿ ಬಿಟ್ಟು ನಕ್ಕಳು, ನನ್ನನ್ನು ನೋಡುತ್ತಲೇ. ಅಧ್ಯಕ್ಷರೊಬ್ಬರಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಅವರು ಕಿವಿಯ ಹಿಂದೆ ಕೈಯಿಟ್ಟು ನನ್ನತ್ತ ಬಾಗಿ, "ಏನಂದ್ರು, ಏನಂದ್ರು?" ಎಂದು ಕೇಳಿದರು.

ನಾನು ಅವರ ಕಿವಿಯ ಹತ್ತಿರ ಬಾಯಿ ಒಯ್ದು ಹೇಳಿದೆ: "ಸಿನೆಮಾ ಚಲೋ ಐತಿ ಅಂದಳ್ರಿ. ಅಷ್ಟ."